ಕುಟಿನ್ಹೊ ಆಟ ಮರೆತಿರಲಿಲ್ಲ

ಕಿವಿಗಿಟ್ಟ ಆ ಬೆರಳುಗಳನ್ನು ನಾನಿನ್ನೂ ಮರೆತಿಲ್ಲ. 2019ರ ಏಪ್ರಿಲ್, ಕ್ಯಾಂಪ್ ನೌ ಮೈದಾನ, ಎದುರಿಗೆ ಮ್ಯಾಂಚೆಸ್ಟರ್ ಯುನೈಟೆಡ್. ಬ್ರೆಜಿಲ್‌ನ ಫುಟ್‌ಬಾಲ್ ಆಟಗಾರ ಫಿಲಿಪ್ ಕುಟಿನ್ಹೊ ಪೆನಾಲ್ಟಿ ಬಾಕ್ಸ್ ಹೊರಗಿನಿಂದ ಹೊಡೆದ ಚೆಂಡು ಗಾಳಿಯಲ್ಲಿ ಬಾಗಿಕೊಂಡು ಹೋಗಿ ಗೋಲಿನ ಮೂಲೆ ಸೇರಿತು. ಎಂಥಾ ಗೋಲು! ಆದರೆ ಅವನು ಕಿವಿಗೆ ಬೆರಳಿಟ್ಟುಕೊಂಡು ನಿಂತ. ತನ್ನದೇ ಕ್ಲಬ್ಬಾದ ಬಾರ್ಸಿಲೋನಾದ (ಬಾರ್ಸಾ) ಅಭಿಮಾನಿಗಳ ಮುಂದೆ! ನಮ್ಮಲ್ಲಿ ಶಿಳ್ಳೆ ಹೊಡೆದರೆ ಮೆಚ್ಚುಗೆ, ಅಲ್ಲಿ ಅದು ಬೈಗುಳ. ತಿಂಗಳುಗಟ್ಟಲೆ ಅದನ್ನೇ ಕೇಳಿದ್ದ ಪಾಪ.

ದೊಡ್ಡ ಕ್ಲಬ್ಬಿಗೆ ಹೋಗಿ ಮಂಕಾದವರ ಬಗ್ಗೆ ನಾವು ಸುಮ್ನೆ ಒಂದು ಮಾತು ಹೇಳಿಬಿಡುತ್ತೇವೆ. ದುಡ್ಡು ಬಂತು, ಹಸಿವು ಹೋಯ್ತು ಅಂತ. ನನಗೆ ಆ ಮಾತು ಕೇಳಿದರೇ ಸಿಟ್ಟು ಬರುತ್ತದೆ.

ಅದಕ್ಕೂ ಮೊದಲು ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ಬಿನಲ್ಲಿ ಕುಟಿನ್ಹೊ ಏನು ಮಾಡುತ್ತಿದ್ದ ನೆನಪಿಸಿಕೊಳ್ಳಿ. ಎಡಗಡೆ ಚೆಂಡು ಸಿಗುತ್ತಿತ್ತು, ಒಳಗೆ ನುಗ್ಗುತ್ತಿದ್ದ, ಬಲಗಾಲಲ್ಲಿ ಹೊಡೆಯುತ್ತಿದ್ದ. ಒಂದೆರಡು ಸಲ ಹೊರಗೆ ಹೋದರೂ ಯಾರೂ ಮುಖ ಸಿಂಡರಿಸುತ್ತಿರಲಿಲ್ಲ, ಮತ್ತೆ ಚೆಂಡು ಅವನ ಕಾಲಿಗೇ ಬರುತ್ತಿತ್ತು. 2018ರ ಜನವರಿಯಲ್ಲಿ ಬಾರ್ಸಾ ಅವನನ್ನು ಕೊಂಡಿತು, ಷರತ್ತಿನ ಮೇಲೆ ಕೊಡಬೇಕಾದ ಹಣವೂ ಸೇರಿ ಸುಮಾರು 16 ಕೋಟಿ ಯೂರೋ. ನೇಮಾರ್ ಬಿಟ್ಟುಹೋಗಿ ಕೆಲವೇ ತಿಂಗಳಾಗಿತ್ತು, ಮಿಡ್‌ಫೀಲ್ಡ್‌ನ ಇನಿಯೆಸ್ಟಾ ಹೊರಡುವ ಹೊತ್ತೂ ಹತ್ತಿರವಾಗಿತ್ತು. ಇಬ್ಬರ ಜಾಗಕ್ಕೂ ಇವನೊಬ್ಬನೇ ಉತ್ತರ ಅಂದುಕೊಂಡರು.

ಆದರೆ ಅಲ್ಲಿ ಮೆಸ್ಸಿ ಇದ್ದ, ಅಲ್ವಾ? ಮೆಸ್ಸಿ ಬಲಗಡೆಯಿಂದ ನಡುವಿಗೆ ಬರುತ್ತಿದ್ದ, ಅಲ್ಲಿಂದ ಎಡಗಡೆ ಓಡುವ ಡಿಫೆಂಡರ್ ಜೋರ್ಡಿ ಆಲ್ಬಾಗೆ ಚೆಂಡು ಹಾಕುತ್ತಿದ್ದ. ವರ್ಷಗಳಿಂದ ಪಳಗಿದ ಆಟ ಅದು. ಹಾಗಾಗಿ ಕುಟಿನ್ಹೊ ಒಳಗೆ ನುಗ್ಗಿದರೆ ಮೆಸ್ಸಿಯ ಜಾಗ, ಬದಿಯಲ್ಲೇ ನಿಂತರೆ ಆಲ್ಬಾನ ದಾರಿ. ಒಂದೇ ಒರೆಯಲ್ಲಿ ಎರಡು ಕತ್ತಿ. ಮಿಡ್‌ಫೀಲ್ಡ್‌ಗೆ ಇಳಿಸಿದರೆ ಇನಿಯೆಸ್ಟಾ ಥರ ಚೆಂಡು ಕಾಪಾಡಬೇಕು, ಇವನಿಗೋ ಗೋಲಿನತ್ತ ಹೊಡೆಯುವ ತವಕ. ಚೆಂಡು ಬಂದಾಗ ಒಂದು ಕ್ಷಣ ತಡೆದು, ಯೋಚಿಸಿ, ಹಿಂದಕ್ಕೆ ಪಾಸ್ ಮಾಡುತ್ತಿದ್ದ. ನೋಡೋಕೇ ಸಂಕಟ ಆಗ್ತಿತ್ತು.

2019ರಲ್ಲಿ ಅವನನ್ನು ಜರ್ಮನಿಯ ಬಾಯರ್ನ್ ಕ್ಲಬ್ಬಿಗೆ ಸಾಲಕ್ಕೆ ಕೊಟ್ಟರು. 2020ರ ಆಗಸ್ಟ್, ಲಿಸ್ಬನ್, ಖಾಲಿ ಸ್ಟೇಡಿಯಂ, ಎದುರಿಗೆ ಬಾರ್ಸಾನೇ. ನಮಗಿಲ್ಲಿ ಮಧ್ಯರಾತ್ರಿ ದಾಟಿತ್ತು. 75ನೇ ನಿಮಿಷಕ್ಕೆ ಇಳಿದವನು ಒಂದು ಗೋಲು ಮಾಡಿಸಿದ, ಎರಡು ತಾನೇ ಹೊಡೆದ. ಬಾಯರ್ನ್ ಗೆದ್ದಿದ್ದು 8-2! ಸಂಬಳ ಅದೇ ಮಟ್ಟದ್ದು, ಕಾಲೂ ಅವೇ. ಹಸಿವು ಎಲ್ಲಿಗೆ ಹೋಗಿತ್ತು ಹೇಳಿ?

ಹೋಗಲಿ, ಇಷ್ಟಾದರೂ ಕಲಿತರಾ? 2019ರಲ್ಲೇ ಫ್ರಾನ್ಸ್‌ನ ಗ್ರೀಝ್ಮನ್‌ನನ್ನು ಸ್ಪೇನಿನದೇ ಅಟ್ಲೆಟಿಕೊ ಮ್ಯಾಡ್ರಿಡ್ ಕ್ಲಬ್ಬಿನಿಂದ 12 ಕೋಟಿ ಯೂರೋ ಕೊಟ್ಟು ತಂದಿದ್ದರು. ಅವನಿಗೆ ಇಷ್ಟವಾದ ಜಾಗವೂ ಅದೇ, ಮುಂಚೂಣಿ ಆಟಗಾರನ ಹಿಂದೆ, ನಡುವಿನಲ್ಲಿ. ಅಲ್ಲಿ ಯಾರು ನಿಂತಿದ್ದಾರೆ ಅಂತ ಇಡೀ ಜಗತ್ತಿಗೆ ಗೊತ್ತಿತ್ತು. ಎರಡು ವರ್ಷ ಬದಿಯಲ್ಲಿ ಓಡಾಡಿದ, ಶ್ರಮಪಟ್ಟ, ಅಷ್ಟಿಷ್ಟು ಗೋಲೂ ಹೊಡೆದ, ಆದರೂ ಹಳೇ ಗ್ರೀಝ್ಮನ್ ಕಾಣಲೇ ಇಲ್ಲ. 2021ರಲ್ಲಿ ಅಟ್ಲೆಟಿಕೊಗೆ ಮರಳಿದ. ಅಲ್ಲಿನ ಕೋಚ್ ಸಿಮಿಯೋನೆ ಅವನಿಗೆ ನಡುವಿನಲ್ಲಿ ಓಡಾಡಲು ಬಿಟ್ಟರು, ಚೆಂಡು ಮತ್ತೆ ಅವನ ಮೂಲಕವೇ ಹರಿಯತೊಡಗಿತು. 2024ರ ಜನವರಿಯಲ್ಲಿ ರಿಯಾಲ್ ಮ್ಯಾಡ್ರಿಡ್ ವಿರುದ್ಧ ಅಟ್ಲೆಟಿಕೊ ಪರ ತನ್ನ 174ನೇ ಗೋಲು ಹೊಡೆದು, ಆ ಕ್ಲಬ್ಬಿನ ಇತಿಹಾಸದಲ್ಲೇ ಅತಿ ಹೆಚ್ಚು ಗೋಲು ಹೊಡೆದವನಾದ.