ಎಡಗೈಲಿ ಇದ್ದು!

ಕೇಳುಗರಿಗೆ ನಮಸ್ಕಾರ.

ಜಾದೂ ಮಾಡುವವನನ್ನು ಬಾನುಲಿಗೆ ಕರೆಯುವುದು, ಅಡುಗೆ ಭಟ್ಟರನ್ನು ಏಕಾದಶಿಯ ದಿನ ಮನೆಗೆ ಕರೆದ ಹಾಗೆ. ನನ್ನ ಕೈ ನಿಮಗೆ ಕಾಣುವುದಿಲ್ಲ. ಹಾಗಾಗಿ ಕೈಯ ಮಾತು ಬಿಟ್ಟು, ನನ್ನೆದುರು ಚಾಪೆಯ ಮೇಲೆ ಕೂರುವವರ ಮಾತು ಹೇಳುತ್ತೇನೆ.

ಕಾರವಾರ, ಅಂಕೋಲಾ, ಕುಮಟಾ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರ. ಮಕ್ಕಳ ಹುಟ್ಟುಹಬ್ಬ ಇದ್ದ ಕಡೆಗೆ ನನ್ನ ಪೆಟ್ಟಿಗೆ ಹೋಗುತ್ತದೆ. ಎಲ್ಲ ಕಡೆಗೂ ಮೊದಲ ಆಟ ಒಂದೇ: ಬಲಗೈಯಲ್ಲಿದ್ದ ಒಂದು ರೂಪಾಯಿ ಮಾಯ. ಶಿರಸಿ ಸೀಮೆಯ ಹವ್ಯಕರ ಮನೆಯಲ್ಲಾದರೆ ಮಕ್ಕಳು “ಎಡಗೈಲಿ ಇದ್ದು!”, ಅಂದರೆ ಎಡಗೈಯಲ್ಲಿದೆ, ಅಂತ ಕೂಗುತ್ತವೆ. ಕಾರವಾರದ ಕೊಂಕಣಿ ಮನೆಯಲ್ಲಿ ಅದೇ ಮಾತು “ದಾವ್ಯಾ ಹಾತಾಂತ ಆಸಾ!” ನೌಕಾನೆಲೆಯವರ ಮಕ್ಕಳು ಅದನ್ನೇ ಹಿಂದಿಯಲ್ಲಿ ಕೂಗುತ್ತಾರೆ. ಭಾಷೆ ಬೇರೆ, ಅನುಮಾನ ಒಂದೇ. ಮೂರು ಭಾಷೆಯಲ್ಲಿ ನಿರರ್ಗಳವಾಗಿ ಹರಟುವ ಶಕ್ತಿ ನನಗಿಲ್ಲ, ಆದ್ದರಿಂದ ಮಾತು ಕಡಿಮೆ ಮಾಡಿ ಮುಖವನ್ನೇ ದುಡಿಸುತ್ತೇನೆ.

ದೊಡ್ಡವರನ್ನು ಮರುಳು ಮಾಡುವುದು ಸುಲಭ. ನಾನು ಎತ್ತ ನೋಡಿದೆನೋ ಅತ್ತಲೇ ಅವರೂ ನೋಡುತ್ತಾರೆ, ಮರ್ಯಾದಸ್ಥರು. ಮಕ್ಕಳಿಗೆ ಆ ಮರ್ಯಾದೆ ಇಲ್ಲ. ನಾನು ಸೂರು ನೋಡಿದರೂ ಅವುಗಳ ಕಣ್ಣು ನನ್ನ ಕೈಮೇಲೆಯೇ. ಸಾಲದ್ದಕ್ಕೆ ನೆಲದ ಮೇಲೆ ತೆವಳುತ್ತಾ ತೆವಳುತ್ತಾ ಮೇಜಿನ ಹಿಂದಕ್ಕೇ ಬಂದುಬಿಡುತ್ತವೆ. ಅದಕ್ಕೇ ಒಂದು ತೆಂಗಿನ ನಾರಿನ ಹಗ್ಗ ಒಯ್ಯುತ್ತೇನೆ. ಅದನ್ನು ನೆಲಕ್ಕೆ ಅಡ್ಡ ಹಾಸಿ, ಇದು ಕಾಳಿ ನದಿ, ಈಚೆ ಬಂದರೆ ಮೊಸಳೆ ಇದೆ ಅನ್ನುತ್ತೇನೆ. ಹತ್ತು ನಿಮಿಷ ನಡೆಯುತ್ತದೆ.

ಮೂರು ನಾಲ್ಕು ವರ್ಷದ ಮಗುವಿಗೆ ಮಾತ್ರ ನನ್ನ ವಿದ್ಯೆ ಏನೂ ಅಲ್ಲ. ದುಬೈಯಲ್ಲಿರುವ ಅಪ್ಪ ದಿನಾ ರಾತ್ರಿ ಫೋನಿನೊಳಗೆ ಬಂದು ನಗುತ್ತಾನೆ. ಅಂಥ ಲೋಕದಲ್ಲಿ ಒಂದು ರೂಪಾಯಿ ಕಾಣೆಯಾದರೆ ಏನು ದೊಡ್ಡದು? ಬೆರಗಾಗಬೇಕಾದರೆ ಯಾವುದು ಆಗಲಾರದು ಅಂತ ಮೊದಲು ಗೊತ್ತಿರಬೇಕಲ್ಲ. ಆರರಿಂದ ಒಂಬತ್ತು ನನ್ನ ಪಾಲಿನ ಸುಗ್ಗಿ. ಹನ್ನೊಂದು ದಾಟಿದವನು ಕೈಕಟ್ಟಿ ಹಿಂದೆ ನಿಂತು “ಯೂಟ್ಯೂಬಲ್ಲಿ ನೋಡಿದ್ದೇನೆ” ಅನ್ನುತ್ತಾನೆ. ಅವನನ್ನು ಕೂಡಲೇ ಪೆಟ್ಟಿಗೆ ಕಾಯಲು ನೇಮಿಸಬೇಕು.

ಶುರುವಿನ ದಿನಗಳಲ್ಲಿ ನನಗೆ ಇದೆಲ್ಲ ತಿಳಿದಿರಲಿಲ್ಲ. ಕಪ್ಪು ಕೋಟು ಹಾಕಿ, ನಾನೇ ಮಹಾಮಾಂತ್ರಿಕ ಅನ್ನುವ ಠೀವಿಯಲ್ಲಿ ನಿಲ್ಲುತ್ತಿದ್ದೆ. ಕಾರವಾರದ ಒಂದು ಮನೆಯಲ್ಲಿ, ಆರು ತುಂಬಿದ ಹುಡುಗನನ್ನು ಕರೆದು ಕಿವಿಯ ಹಿಂದಿನಿಂದ ಮೊಟ್ಟೆ ತೆಗೆದೆ. ಎಲ್ಲರೂ ಘೊಳ್ಳೆಂದು ನಕ್ಕರು. ಅವನ ಹುಟ್ಟುಹಬ್ಬ, ಅವನ ಗೆಳೆಯರು, ನಗೆ ಅವನ ಮೇಲೆ. ತುಟಿ ಅದುರಿತು, ಅಮ್ಮನ ಸೆರಗಿನ ಹಿಂದೆ ಸೇರಿದವನು ಕೇಕಿಗೂ ಬರಲಿಲ್ಲ. ಕೊಟ್ಟ ದುಡ್ಡು ಎಣಿಸದೆ ಬಂದೆ.

ದಾರಿ ತೋರಿಸಿದ್ದು ಜಾದೂ ಪುಸ್ತಕವಲ್ಲ, ಯಕ್ಷಗಾನದ ಹಾಸ್ಯಗಾರ. ರಾಕ್ಷಸನ ಬಣ್ಣದ ವೇಷ ಅಬ್ಬರಿಸಿದರೆ ಮಕ್ಕಳು ಮಡಿಲಲ್ಲಿ ಮುಖ ಮುಚ್ಚುತ್ತವೆ. ಹಾಸ್ಯಗಾರ ಬಂದರೆ ನಿದ್ದೆಯಿಂದ ಎದ್ದು ಕೂರುತ್ತವೆ. ಯಾಕೆ? ಅವನಿಗೆ ತಿಳಿಯದ್ದು ಇವಕ್ಕೆ ತಿಳಿದಿರುತ್ತದೆ. ಅಂದಿನಿಂದ ಕೋಟು ಬಿಟ್ಟೆ, ಪೆದ್ದನಾದೆ.

ಈಗ ನನ್ನ ದೊಡ್ಡ ಆಟ ಎರಡು ಮರದ ಮೊಲಗಳದ್ದು. ಒಂದು ಬಿಳಿ, ಒಂದು ಕಪ್ಪು. ಡಬ್ಬ ಮುಚ್ಚಿ ತೆಗೆದರೆ ಜಾಗ ಬದಲು. ಎರಡನೇ ಸಲಕ್ಕೇ ಮಕ್ಕಳಿಗೆ ಗುಟ್ಟು ಗೊತ್ತಾಗುತ್ತದೆ. ಹಿಂದೆ ಇನ್ನೊಂದು ಬಣ್ಣ ಇದೆ! “ತಿರುಗಿಸಿ! ತಿರುಗಿಸಿ!” ನಾನು ತಿರುಗುತ್ತೇನೆ. ಮೊಲವನ್ನಲ್ಲ, ನನ್ನನ್ನೇ. ಹೆಂಚು ಹಾರಿಹೋಗುವಷ್ಟು ಗಲಾಟೆ. ಐದು ನಿಮಿಷ ಹೀಗೆ ಬೈಸಿಕೊಂಡು, ಕಡೆಗೆ ಸೋತವನ ಹಾಗೆ ಮೊಲವನ್ನು ತಿರುಗಿಸಿದರೆ ಹಿಂದೆ ಒಂದು ಕೆಂಪು, ಒಂದು ಹಳದಿ. ಆಗ ಒಂದು ಕ್ಷಣ ಮೌನ ಬೀಳುತ್ತದಲ್ಲ, ಅದಕ್ಕಾಗಿಯೇ ನಾನು ಘಟ್ಟ ಹತ್ತುವುದು.

“ಗರಗಸದಲ್ಲಿ ಕೊಯ್ಯುವುದು ಇಲ್ಲವೇ?” ಅಂತ ಅಪ್ಪಂದಿರು ಕೇಳುತ್ತಾರೆ. 1956ರಲ್ಲಿ ಜಾದೂಗಾರ ಪಿ.ಸಿ. ಸರ್ಕಾರ್ ಲಂಡನ್ನಿನ ಬಿಬಿಸಿ ಟಿವಿಯಲ್ಲಿ ಹುಡುಗಿಯೊಬ್ಬಳನ್ನು ಗರಗಸದಿಂದ ಕೊಯ್ದ ಆಟ ತೋರಿಸಿದಾಗ, ಅವಳು ಎದ್ದದ್ದು ಕಾಣುವ ಮೊದಲೇ ಕಾರ್ಯಕ್ರಮ ಮುಗಿಯಿತು. ಸತ್ತೇಹೋದಳು ಅಂದುಕೊಂಡ ಜನ ಬಿಬಿಸಿಗೆ ಒಂದೇ ಸಮನೆ ಫೋನು ಮಾಡಿದರು. ಬೆಳೆದವರ ಪಾಡೇ ಹೀಗಾದರೆ, ಟೋಪಿ ಹಾಕಿಕೊಂಡು ಕೂತ ಎಂಟು ವರ್ಷದವಳ ಮುಂದೆ ಗರಗಸ ಯಾಕೆ? ಜೀವಂತ ಮೊಲವನ್ನೂ ತರುವುದಿಲ್ಲ. ಮೇ ತಿಂಗಳ ಕಾರವಾರದ ಸೆಕೆಯಲ್ಲಿ ಪೆಟ್ಟಿಗೆಯೊಳಗೆ ಪ್ರಾಣಿ ಕೂಡಿಡುವವನು ಜಾದೂಗಾರನಲ್ಲ. ನನ್ನದು ಸ್ಪಂಜಿನ ಮೊಲ, ಹಿಂಡಿದರೆ ಮುಷ್ಟಿಯೊಳಗೆ.

ಸೆಕೆ ಅಂದೆ. ಫ್ಯಾನು ಹಾಕಿದರೆ ರೇಷ್ಮೆ ಕರವಸ್ತ್ರ ಹಾರಿ ಗುಟ್ಟು ರಟ್ಟು, ಆರಿಸಿದರೆ ಮಕ್ಕಳು ಬೆವರಿ ಬೆಂಡು. ಆಟಕ್ಕೊಮ್ಮೆ ಹಾಕಿ ಆರಿಸಲು ಒಬ್ಬ ಸೋದರಮಾವನನ್ನು ಸ್ವಿಚ್ಚಿನ ಹತ್ತಿರ ನಿಲ್ಲಿಸುತ್ತೇನೆ. ಮಳೆಗಾಲದ ಶಿರಸಿಯಲ್ಲಿ ಇಸ್ಪೀಟು ಎಲೆಗಳು ಹಪ್ಪಳದ ಹಾಗೆ ಸೊಟ್ಟಗಾಗಿ, ಒಂದಕ್ಕೊಂದು ಅಂಟುತ್ತವೆ. ಅಕ್ಕಿ ಡಬ್ಬದಲ್ಲಿಟ್ಟು ಒಯ್ಯುತ್ತೇನೆ. ಮತ್ತೆ ದಯವಿಟ್ಟು, ಕೇಕು ಜಾದೂ ಮುಗಿದ ಮೇಲೆ ಕತ್ತರಿಸಿ. ಕ್ರೀಮು ಮೆತ್ತಿದ ಹತ್ತು ಕೈ ಮುಟ್ಟಿದ ಕರವಸ್ತ್ರವನ್ನು ಯಾವ ಮಂತ್ರವೂ ಮಾಯ ಮಾಡದು.

ಆಟ ಮುಗಿಸಿ ಹೊರಡುವಾಗ ಇದು ಕಣ್ಕಟ್ಟು, ಕೈಚಳಕ, ಕಲಿತರೆ ನಿಮಗೂ ಬರುತ್ತದೆ ಅಂತ ಹೇಳಿಯೇ ಹೇಳುತ್ತೇನೆ. ಕಳೆದ ಮಳೆಗಾಲ ಶಿರಸಿ ಹತ್ತಿರದ ಒಂದು ಮನೆಯಲ್ಲಿ ಹಾಗೆ ಹೇಳಿ ಪೆಟ್ಟಿಗೆ ಕಟ್ಟುತ್ತಿದ್ದೆ. ಐದು ವರ್ಷದ ಕೂಸು ಜಗಲಿಗೆ ಬಂದಳು. “ಮಾವಾ, ಈಗ ಆನು ಮಾಡ್ತಿ. ನೀ ಹುಡ್ಕು.” ರೂಪಾಯಿ ತೋರಿಸಿ, ಎರಡೂ ಕೈ ಬೆನ್ನ ಹಿಂದೆ ಒಯ್ದು, ಮುಷ್ಟಿ ಕಟ್ಟಿ ಮುಂದೆ ಚಾಚಿದಳು. ಎಡಮುಷ್ಟಿಯ ಬೆರಳ ಸಂದಿಯಲ್ಲಿ ನಾಣ್ಯದ ಅಂಚು ಫಳಫಳ ಹೊಳೆಯುತ್ತಿತ್ತು.

ಬಲಗೈ ಬಿಡಿಸಿದೆ, ಇಲ್ಲ. ನನ್ನ ಕಿಸೆ ನೋಡಿದೆ, ಪೆಟ್ಟಿಗೆ ನೋಡಿದೆ, ಜಗಲಿಯ ಚಪ್ಪಲಿಗಳ ಅಡಿಯಲ್ಲೂ ನೋಡಿದೆ. ಬಸ್ಸಿಗೆ ಹೊತ್ತಾಗುವವರೆಗೂ ನನಗೆ ಸಿಗಲಿಲ್ಲ.

ನಮಸ್ಕಾರ.