ಮಾವಿನ ಮರದ ಚಗಳಿ, ಅದರೊಳಗೊಬ್ಬ ವೇಷಧಾರಿ

ಈ ವಿಡಿಯೋಗೆ ನಾನು ಎಲ್ಲೂ ಹೋಗಿಲ್ಲ. ಜೋಗ ಇಲ್ಲ, ಕೊಡಚಾದ್ರಿ ಇಲ್ಲ, ಡ್ರೋನ್ ಅಂತೂ ಇಲ್ಲವೇ ಇಲ್ಲ. ಉಣುಗೋಲು ದಾಟಿ ಮಾವಿನ ಮರದವರೆಗೆ, ಅಷ್ಟೇ ದಾರಿ. ತೀರ್ಥಹಳ್ಳಿ ಕಡೆಯ ಮಾಮೂಲಿ ತೋಟ. ಮಳೆ ಈಗಷ್ಟೇ ಹೊಳವಾಗಿದೆ.

ಅಡಿಕೆ ಮರದ ಮೈಮೇಲೆ ಬಿಳಿ ತೇಪೆ ಕಾಣ್ತಿದೆಯಲ್ಲ, ಅದು ಮರದ ಬಣ್ಣ ಅಲ್ಲ. ಶಿಲೀಂಧ್ರ, ಪಾಚಿ ಎರಡೂ ಸೇರಿ ಬದುಕ್ತಿರೋ ಜೀವ. ಮಸಾಲೆಗೆ ಹಾಕೋ ಕಲ್ಲುಹೂವಿನ ದಾಯಾದಿ. ಹಾಗಂತ ಕೆರೆದು ಪಲಾವಿಗೆ ಹಾಕಬೇಡಿ ಮತ್ತೆ.

ಈಗ ಮಾವಿನ ಮರ. ಆ ತುದಿಯಲ್ಲಿ ಹಸಿರೆಲೆಗಳ ಉಂಡೆ ಇದೆಯಲ್ಲ, ಅದೇ ಚಗಳಿ ಅನ್ನೋ ಕೆಂಪಿರುವೆಯ ಗೂಡು. ಚಿಕ್ಕಂದಿನಲ್ಲಿ ಮರ ಹತ್ತಿ ಕಚ್ಚಿಸಿಕೊಳ್ಳದವರು ನಮ್ಮೂರಲ್ಲಿ ಸಿಗೋದು ಕಷ್ಟ. ಕಚ್ಚುತ್ತೆ ಅಂತ ಎಲ್ರಿಗೂ ಗೊತ್ತು, ಕಟ್ಟೋದನ್ನ ನಿಂತು ನೋಡಿದವರು ಕಡಿಮೆ.

ನೋಡಿ, ಇಲ್ಲಿ ಹೊಸ ಗೂಡು ಶುರುವಾಗಿದೆ. ಎರಡು ಎಲೆ ದೂರ ಇವೆ, ಒಂದು ಇರುವೆಗೆ ಎಟುಕೋದಿಲ್ಲ. ಹಾಗಾಗಿ ಒಂದರ ಸೊಂಟ ಇನ್ನೊಂದು ಕಚ್ಚಿ ಹಿಡಿದು ಸರಪಳಿ ಮಾಡಿವೆ. ಎಳೀತಾ ಎಳೀತಾ ಸರಪಳಿ ಗಿಡ್ಡ ಆಗುತ್ತೆ, ಎಲೆಯಂಚು ಹತ್ತಿರ ಬರುತ್ತೆ. ಹೊಲಿಯೋಕೆ ನೂಲು? ದೊಡ್ಡ ಇರುವೆಗಳ ಹತ್ತಿರ ಇಲ್ಲ. ಅದಿರೋದು ಮರಿಹುಳುಗಳ ಬಾಯಲ್ಲಿ. ಹಾಗಾಗಿ ಮರಿಯನ್ನೇ ಬಾಯಲ್ಲಿ ಎತ್ತಿಕೊಂಡು ಬಂದು, ಮಗ್ಗದ ಲಾಳಿ ಆಡಿಸೋ ಹಾಗೆ ಈ ಅಂಚಿಂದ ಆ ಅಂಚಿಗೆ ಆಡಿಸ್ತಾವೆ. ಬೇರೆ ಎಷ್ಟೋ ಇರುವೆಗಳ ಮರಿಗಳು ಈ ರೇಷ್ಮೆಯಲ್ಲಿ ತಮಗೇ ಒಂದು ಕೋಶ ಸುತ್ತಿಕೊಳ್ತಾವೆ. ಚಗಳಿ ಮರಿಗಳಿಗೆ ಆ ಕೋಶ ಇಲ್ಲ, ನೂಲೆಲ್ಲ ಗೂಡಿಗೇ ಖರ್ಚು.

ಇಯರ್‌ಫೋನ್ ಇದ್ರೆ ಹಾಕ್ಕೊಳ್ಳಿ. ಟೊಂಗೆ ಸ್ವಲ್ಪ ಅಲುಗಿತು, ಅಷ್ಟಕ್ಕೇ ಎಲೆ ಮೇಲೆಲ್ಲ ಪರಪರ ಸದ್ದು. ಇವಕ್ಕೆ ಕೊಂಡಿ ಇಲ್ಲ. ಕಚ್ಚಿ, ಗಾಯಕ್ಕೆ ಫಾರ್ಮಿಕ್ ಆಮ್ಲ ಚಿಮ್ಮಿಸ್ತಾವೆ, ಉರಿ ಅದರದ್ದು. ಚಗಳಿ ಚಟ್ನಿಯ ಹುಳಿಯೂ ಅದರದ್ದೇ. ಒಡಿಶಾದ ಸಿಮಿಲಿಪಾಲ್ ಕಡೆಯ ಇಂಥದೇ ಚಟ್ನಿಗೆ 2024ರಲ್ಲಿ ಜಿಐ ಟ್ಯಾಗ್, ಅಂದ್ರೆ ಆ ಪ್ರದೇಶದ್ದೇ ಅನ್ನೋ ಅಧಿಕೃತ ಗುರುತು, ಸಿಕ್ತು. ನಾನು ಗೂಡಿಗೆ ಕ್ಯಾಮೆರಾ ಹಿಡಿದು ನಿಂತಿದ್ದು ಕಂಡ ಪಕ್ಕದ ಮನೆ ಅಜ್ಜಿ, "ಎಂಥ ಮಾರಾಯ, ಚಟ್ನಿಗಾ?" ಅಂದ್ರು. ಅಲ್ಲ ಅಜ್ಜಿ, ಯೂಟ್ಯೂಬಿಗೆ ಅಂದೆ. ಅವರಿಗೆ ಅದು ಅಷ್ಟೇನೂ ಸಮಾಧಾನ ಕೊಟ್ಟಂತೆ ಕಾಣಲಿಲ್ಲ.

ಸರಿ, ನನಗೆ ತೋರಿಸಬೇಕಾಗಿದ್ದು ಇದು. ಎಡಗಡೆ ಎಲೆ ಮೇಲೆ ಒಂಟಿಯಾಗಿ ಓಡ್ತಿರೋ ಆ ಚಗಳಿ. ಅದೇ ಕೆಂಪು, ಅದೇ ಸಪೂರ ಸೊಂಟ. ವಿಡಿಯೋ ನಿಲ್ಲಿಸ್ತೀನಿ, ಕಾಲು ಎಣಿಸಿ. ಎಂಟು! ಇರುವೆಯೇ ಅಲ್ಲ, ಜೇಡ. ಜಿಗಿಯುವ ಜೇಡಗಳ ಜಾತಿ. ಮುಂದಿನ ಎರಡು ಕಾಲನ್ನ ಮೀಸೆ ಥರ ಮೇಲೆತ್ತಿ ಆಡಿಸ್ತಿದೆ. ಚಗಳಿ ಅಂದ್ರೆ ಹಕ್ಕಿ, ಕಣಜಗಳೂ ದೂರ, ಅದಕ್ಕೇ ಈ ವೇಷ. ಆದ್ರೆ ನಿಜವಾದ ಚಗಳಿ ಕೈಗೆ ಸಿಕ್ರೆ ಕಥೆ ಮುಗೀತು, ಹಾಗಾಗಿ ಅವು ಎದುರಾದ ಕೂಡಲೇ ದಾರಿ ಬದಲಿಸುತ್ತೆ. ನಾನು ಲೆನ್ಸ್ ಹತ್ತಿರ ತಂದೆ, ನೂಲು ಬಿಟ್ಟು ಕೆಳಗಿಳಿದೇ ಹೋಯ್ತು.

ಮನೆ ಹತ್ರ ಚಗಳಿ ಮರ ಇದ್ರೆ ಹುಡುಕಿ. ಸಾಲು ಬಿಟ್ಟು ಒಂಟಿಯಾಗಿ ಓಡಾಡೋದರ ಮೇಲೇ ಕಣ್ಣಿಡಿ. ಗೂಡಿನ ನೇರ ಕೆಳಗೆ ಮಾತ್ರ ನಿಲ್ಲಬೇಡಿ, ಕಾಲರ್ ಒಳಗೆ ಬೀಳ್ತಾವೆ.