ಎಂಟನೇ ತರಗತಿಯ ಆಚೆಗೆ

ನಮಸ್ಕಾರ. ನೀವು ಈಗ ನೋಡುತ್ತಿರುವುದು ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಒಂದು ಇಟ್ಟಿಗೆ ಗೂಡು. ನನ್ನ ತಂದೆ ತಾಯಿ ಒಡಿಶಾದ ಬಲಾಂಗೀರ್ ಜಿಲ್ಲೆಯಿಂದ ಇಂಥದೇ ಒಂದು ಗೂಡಿಗೆ ಕೆಲಸಕ್ಕೆ ಬಂದವರು. ನಾನು ಕನ್ನಡ ಕಲಿತದ್ದು ಇಲ್ಲಿನ ಸರ್ಕಾರಿ ಶಾಲೆಯಲ್ಲಿ. ಈಗ ಬೆಂಗಳೂರಿನ ಕಲಾ ಕಾಲೇಜೊಂದರಲ್ಲಿ ಬಿವಿಎ (ದೃಶ್ಯಕಲೆ) ಪದವಿಗೆ ಶಿಲ್ಪಕಲೆ ಓದುತ್ತಿದ್ದೇನೆ. ಇಷ್ಟು ಹೇಳಿದ ಕೂಡಲೇ ಎಲ್ಲರೂ ಪ್ರತಿಭೆಯ ಮಾತು ಎತ್ತುತ್ತಾರೆ. ನನಗೆ ಹೇಳಬೇಕಾಗಿರುವುದು ವಿದ್ಯಾರ್ಥಿವೇತನದ ವಿಷಯ, ಅದರಲ್ಲೂ ಅದು ಯಾವ ತರಗತಿಯಲ್ಲಿ ಕೈಗೆ ಬಂತು ಎಂಬುದು.

ನಮ್ಮ ಕಡೆಯವರು ಹೊಸ ಅಕ್ಕಿಯ ನುವಾಖಾಯಿ ಹಬ್ಬ ಮುಗಿಸಿ, ದಾದನ್ ಎಂಬ ಮುಂಗಡ ಹಣ ಪಡೆದು ಗೂಡುಗಳಿಗೆ ಹೊರಡುತ್ತಾರೆ. ಮಳೆ ಹಿಡಿಯುವ ಮೊದಲು ಊರಿಗೆ ಮರಳುತ್ತಾರೆ. ಹಸಿ ಇಟ್ಟಿಗೆ ಒಣಗಲು ಬಿಸಿಲು ಬೇಕಾದ್ದರಿಂದ ಈ ಲೆಕ್ಕ ಯಾರಿಗೂ ತಪ್ಪಿದ್ದಲ್ಲ. ಶಾಲೆಯ ವರ್ಷ ಮಾತ್ರ ಈ ಲೆಕ್ಕಕ್ಕೆ ಹೊಂದುವುದಿಲ್ಲ, ಹಾಗಾಗಿ ಗೂಡಿನ ಮಕ್ಕಳ ಹೆಸರು ಎರಡು ಊರುಗಳ ಹಾಜರಿ ಪುಸ್ತಕದಲ್ಲೂ ಅರ್ಧಂಬರ್ಧ ಉಳಿಯುತ್ತದೆ. ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಮಗುವನ್ನು ಶಾಲೆಗೆ ಸೇರಿಸಿಕೊಳ್ಳದೆ ಇರುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ, ನನ್ನನ್ನು ಸೇರಿಸಿಕೊಂಡದ್ದೂ ಹಾಗೆಯೇ. ಆದರೆ ಆ ಕಾಯ್ದೆಯ ರಕ್ಷಣೆ 6ರಿಂದ 14 ವರ್ಷದವರಿಗೆ, ಅಂದರೆ ಎಂಟನೇ ತರಗತಿಯವರೆಗೆ. ಆ ವಯಸ್ಸಿಗೆ ಬಂದ ಹುಡುಗಿಯನ್ನು ಗೂಡಿನಲ್ಲಿ ಒಂದು ಆಳೆಂದೇ ಎಣಿಸುತ್ತಾರೆ.

ಕೇಂದ್ರ ಸರ್ಕಾರ 2008ರಲ್ಲಿ ಆರಂಭಿಸಿದ ಎನ್‌ಎಂಎಂಎಸ್ (ನ್ಯಾಷನಲ್ ಮೀನ್ಸ್-ಕಮ್-ಮೆರಿಟ್ ಸ್ಕಾಲರ್‌ಶಿಪ್) ವಿದ್ಯಾರ್ಥಿವೇತನ ಹುಟ್ಟಿದ್ದೇ ಎಂಟನೇ ತರಗತಿಗೆ ಓದು ಬಿಡುವವರನ್ನು ತಡೆಯಲು. ಏಳನೇ ತರಗತಿಯಲ್ಲಿ ಶೇ 55 ಅಂಕವಿದ್ದು, ಮನೆಯ ವಾರ್ಷಿಕ ವರಮಾನ 3.5 ಲಕ್ಷ ರೂಪಾಯಿ ಮೀರದಿದ್ದರೆ ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳು ಪರೀಕ್ಷೆ ಬರೆಯಬಹುದು. ಆಯ್ಕೆಯಾದವರಿಗೆ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುಸಿಯವರೆಗೆ ವರ್ಷಕ್ಕೆ 12,000 ರೂಪಾಯಿ ನೇರವಾಗಿ ಖಾತೆಗೆ ಬರುತ್ತದೆ. ದಾದನ್ ಹಣದ ಮುಂದೆ ಇದು ಸಣ್ಣ ಮೊತ್ತ. ಆದರೆ ದಾದನ್ ಪಡೆದವರು ಗೂಡು ಬಿಡುವಂತಿಲ್ಲ, ಈ ಹಣ ಪಡೆದವರು ಓದು ಬಿಡುವಂತಿಲ್ಲ. ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲೇ ಮುಂದುವರಿಯಬೇಕು, ಪ್ರತಿ ತರಗತಿಯನ್ನೂ ಮೊದಲ ಪ್ರಯತ್ನದಲ್ಲೇ ಪಾಸು ಮಾಡಬೇಕು. ನಾನು ಆಯ್ಕೆಯಾದಾಗ ಆ ಷರತ್ತನ್ನು ಓದಿಸಿಕೊಂಡು ಕೇಳಿದ ಅಪ್ಪ, ಆ ವರ್ಷ ಮಳೆಗಾಲಕ್ಕೆ ಊರಿಗೆ ಹೋಗದೆ ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ ಲೋಡಿಂಗ್ ಕೆಲಸ ಹಿಡಿದರು.

ನಾನು ಶಿಲ್ಪಕಲೆಯ ಹಾದಿ ಹಿಡಿದದ್ದು ಹೀಗೆ ಇಲ್ಲಿಯೇ ಉಳಿದ ಕಾರಣಕ್ಕೆ. ಚಿತ್ರಕಲೆಯ ಮೇಷ್ಟ್ರು ನನ್ನನ್ನು ಲೋಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಕೂರಿಸಿದರು, ಆಮೇಲೆ ಇದೇ ತಾಲ್ಲೂಕಿನ ಶಿವಾರಪಟ್ಟಣಕ್ಕೆ ಕರೆದೊಯ್ದರು. ಅದು ತಲೆಮಾರುಗಳಿಂದ ಶಿಲ್ಪಿಗಳ ಊರು. ಕಲ್ಲಿನ ಕೆತ್ತನೆಯೂ ಉಂಟು, ಲೋಹದ ಎರಕವೂ ಉಂಟು. "ಮೊದಲು ಗೆರೆ ಎಳಿಯಮ್ಮ, ಉಳಿ ಆಮೇಲೆ ಹಿಡಿಯೋವಂತೆ" ಎಂದರು ಅಲ್ಲಿನ ಗುರುಗಳು. ಆ ಗೆರೆಗಳೇ ತಾಳಮಾನ, ಅಂದರೆ ವಿಗ್ರಹದ ಅಳತೆಯ ಕ್ರಮ. ಹಣೆಯ ಅಂಚಿನಿಂದ ಗಲ್ಲದವರೆಗಿನ ಮುಖ ಒಂದು ತಾಳ, ಒಂದು ತಾಳಕ್ಕೆ 12 ಅಂಗುಲ. ನವತಾಳದ, ಅಂದರೆ ಒಂಬತ್ತು ತಾಳದ ವಿಗ್ರಹದ ಎತ್ತರ 108 ಅಂಗುಲ. ಮುಖದಲ್ಲಿ ಮತ್ತೆ ಹಣೆಗೆ ನಾಲ್ಕು, ಮೂಗಿಗೆ ನಾಲ್ಕು, ಮೂಗಿನ ಕೆಳಗಿನಿಂದ ಗಲ್ಲಕ್ಕೆ ನಾಲ್ಕು. ಎರಕದ ಕೆಲಸದಲ್ಲಿ ಮೇಣದ ರೂಪಕ್ಕೆ ಮಣ್ಣು ಮೆತ್ತಿ, ಕಾಯಿಸಿ, ಕರಗಿದ ಮೇಣ ಹರಿದುಹೋದ ಜಾಗಕ್ಕೆ ಲೋಹ ಹೊಯ್ಯುತ್ತಾರೆ. ಆ ಮಣ್ಣಿನ ಹದವನ್ನು ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಹರಳು ಉಳಿದರೆ ಬೇಯುವಾಗ ಸೀಳುತ್ತದೆ, ನೀರು ಹೆಚ್ಚಾದರೆ ಕುಸಿಯುತ್ತದೆ, ಒಂದೇ ಮಗ್ಗುಲಿಗೆ ಬಿಸಿಲು ತಾಗಿದರೆ ಬಾಗುತ್ತದೆ. ಇದನ್ನೆಲ್ಲ ಅಮ್ಮನ ಪಕ್ಕದಲ್ಲಿ ಕೂತು ಇಟ್ಟಿಗೆ ಮಗುಚುವಾಗಲೇ ಕಲಿತಿದ್ದೆ. ಅಮ್ಮನೇ ನನ್ನ ಮೊದಲ ಗುರು ಎಂದು ನಾನು ಹೇಳುವುದು ಉಪಚಾರಕ್ಕಲ್ಲ.

ಪಿಯುಸಿ ಮುಗಿದ ಮೇಲೆ ದಾರಿ ಕಿರಿದಾಯಿತು. ನಮ್ಮದು ಒಡಿಶಾದ ಪರಿಶಿಷ್ಟ ಜಾತಿ. ಒಂದು ರಾಜ್ಯದ ಈ ಮಾನ್ಯತೆ ವಲಸೆ ಹೋದ ರಾಜ್ಯಕ್ಕೆ ತಾನಾಗಿ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 1990ರಲ್ಲಿ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಹೇಳಿದೆ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ನಾನು ಒಡಿಶಾಕ್ಕೇ ಅರ್ಜಿ ಹಾಕಬೇಕು. ಜಾತಿಯ ಅನುಭವ ಊರಿಂದ ಊರಿಗೆ ಬೇರೆ ಎಂಬ ಕಾನೂನಿನ ತರ್ಕ ನನಗೆ ಅರ್ಥವಾಗುತ್ತದೆ. ಆದರೆ ಎರಡು ರಾಜ್ಯಗಳ ಕಚೇರಿಗಳ ನಡುವೆ ಕಾಗದ ಓಡಾಡಿಸುವ ಹೊರೆಯನ್ನು ಹದಿನೆಂಟರ ವಿದ್ಯಾರ್ಥಿಯ ಮೇಲೆ ಹೊರಿಸುವುದು ಸರಿಯೆಂದು ನನಗೆ ಅನ್ನಿಸುವುದಿಲ್ಲ. ಅದರ ಮೇಲೆ ಪ್ಲಾಸ್ಟರ್, ತಂತಿ, ಮೇಣ, ಉಳಿಗಳ ಖರ್ಚು ಬೇರೆ.

ಈಗ ನಾನು ಸಿದ್ಧಪಡಿಸುತ್ತಿರುವುದು ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನದ ಅರ್ಜಿ. 18ರಿಂದ 25 ವರ್ಷದೊಳಗಿನವರಿಗೆ ಎರಡು ವರ್ಷ, ತಿಂಗಳಿಗೆ 5,000 ರೂಪಾಯಿ. ಗುರುವಿನ ಬಳಿ ಕನಿಷ್ಠ ಐದು ವರ್ಷ ಕಲಿತಿರಬೇಕೆಂಬ ನಿಯಮವಿದೆ. ಶಿವಾರಪಟ್ಟಣದ ಗುರುಗಳು ಪತ್ರ ಬರೆದುಕೊಟ್ಟಿದ್ದಾರೆ.

ನನ್ನ ತಮ್ಮ ಈಗ ಎಂಟನೇ ತರಗತಿಯಲ್ಲಿದ್ದಾನೆ. ಅವನಿಗೆ ಚಿತ್ರಕ್ಕಿಂತ ಗಣಿತ ಇಷ್ಟ. ಈ ವಿಡಿಯೋ ನೋಡುತ್ತಿರುವ ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟೇ: ಎನ್‌ಎಂಎಂಎಸ್ ಅರ್ಜಿ ತುಂಬುವ ಮೊದಲು ಗೂಡಿನ ಮಕ್ಕಳ ಆಧಾರ್, ಬ್ಯಾಂಕ್ ಖಾತೆ ಮತ್ತು ಶಾಲಾ ದಾಖಲೆಗಳಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂದು ದಯವಿಟ್ಟು ನೋಡಿ. ತಮ್ಮನ ಹೆಸರು ಶಾಲೆಯಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು ಬಗೆ ಇದೆ. ಅದನ್ನು ತಿದ್ದಿಸಲು ನಾಳೆ ಅವನನ್ನು ಕರೆದುಕೊಂಡು ಮಾಲೂರಿಗೆ ಹೋಗುತ್ತಿದ್ದೇನೆ.